ಕೊಟ್ಟ ಮಾತನ್ನು ಬಿಷಪ್ಪರು ಉಳಿಸಿಕೊಳ್ಳಲಿ

ಆಂಗ್ಲಿಕನ್ ಸಭೆಯ ಸಲಿಂಗಪ್ರೇಮದ ಜಗಳ ಇಂಗ್ಲೆಂಡಿನದು, ಹೊಸಪೇಟೆಯವರಿಗೆ ಅದರ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ನಾವು ಸಿಎಸ್‌ಐ ಎಂದು ಕರೆಯುವ ದಕ್ಷಿಣ ಭಾರತ ಸಭೆ ಜಾಗತಿಕ ಆಂಗ್ಲಿಕನ್ ಕೂಟದ ಪೂರ್ಣ ಸದಸ್ಯ. ಆ ಕೂಟದ ಬಿಷಪ್ಪರು ಲ್ಯಾಂಬೆತ್ ಸಮ್ಮೇಳನದಲ್ಲಿ ಕೈಯೆತ್ತಿ ಮಾಡಿದ ತೀರ್ಮಾನ ಸಂಡೂರು, ಕಂಪ್ಲಿಯ ವಿಶ್ವಾಸಿಗಳ ಮನೆಯೊಳಗೂ ಬಂದು ಕೂರುತ್ತದೆ. ಆದ್ದರಿಂದ ಗೊಡವೆ ನಮ್ಮದೇ.

1998ರ ಈಸ್ಟರ್ ಭಾನುವಾರ ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿ ಆರ್ಚ್‌ಬಿಷಪ್ ಜಾರ್ಜ್ ಕೇರಿ ಪ್ರಸಂಗ ಮಾಡುತ್ತಿದ್ದಾಗ ಹೋರಾಟಗಾರ ಪೀಟರ್ ಟ್ಯಾಚೆಲ್ ಸಂಗಡಿಗರೊಂದಿಗೆ ಪ್ರಸಂಗಪೀಠ ಹತ್ತಿ ಸಲಿಂಗಿಗಳ ಹಕ್ಕಿನ ಮಾತೆತ್ತಿದರು. 1860ರ ಒಂದು ಕಾಯ್ದೆಯಡಿ ಅವರಿಗೆ 18 ಪೌಂಡ್ 60 ಪೆನ್ಸ್ ದಂಡ ಬಿತ್ತು. ಅದೇ 1860ರಲ್ಲಿ ಬ್ರಿಟಿಷರು ನಮಗೆ ದಂಡಸಂಹಿತೆ ಬರೆದುಕೊಟ್ಟರು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಂ ಬಂದದ್ದು ಅದರೊಳಗೆ. ಸಲಿಂಗಪ್ರೇಮ ಪಾಶ್ಚಾತ್ಯರ ರೋಗ ಎಂದು ವೇದಿಕೆಯ ಮೇಲೆ ಗುಡುಗುವವರು ಇದನ್ನು ನೆನಪಿಡಬೇಕು. ಹಡಗು ಹತ್ತಿ ಬಂದದ್ದು ಪ್ರೇಮವಲ್ಲ, ಅದಕ್ಕೆ ಕೊಟ್ಟ ಶಿಕ್ಷೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ಕಲಮಿನ ಹಲ್ಲು ಕಿತ್ತಿತು. ಆ ಕಲಂ ಹಾಗೆಯೇ ಉಳಿಯಲಿ ಎಂದು ಕೋರ್ಟಿನಲ್ಲಿ ವಾದಿಸಿದವರಲ್ಲಿ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಕೂಡ ಇತ್ತು ಎಂಬುದು ಕ್ರೈಸ್ತರೆಲ್ಲ ತಲೆತಗ್ಗಿಸಬೇಕಾದ ಸಂಗತಿ.

ಟ್ಯಾಚೆಲ್ ಪೀಠ ಹತ್ತಿದ ವರ್ಷವೇ ಲ್ಯಾಂಬೆತ್ ಸಮ್ಮೇಳನ 1.10ನೇ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 526 ಮತ, ವಿರುದ್ಧ 70. ಸಲಿಂಗ ಸಂಬಂಧ ಧರ್ಮಗ್ರಂಥಕ್ಕೆ ಹೊಂದುವುದಿಲ್ಲ ಎಂಬ ಅದರ ಸಾಲು ಎಲ್ಲರಿಗೂ ಬಾಯಿಪಾಠ. ಆದರೆ ಸಲಿಂಗಿಗಳ ಅನುಭವವನ್ನು ಕಿವಿಗೊಟ್ಟು ಕೇಳುತ್ತೇವೆ, ಅವರ ಬಗೆಗಿನ ಕುರುಡು ಭಯವನ್ನು ಖಂಡಿಸುತ್ತೇವೆ ಎಂದು ಬಿಷಪ್ಪರು ಮಾತು ಕೊಟ್ಟದ್ದೂ ಅದೇ ನಿರ್ಣಯದಲ್ಲಿ. ಅದೇ ಕಾಗದ, ಅದೇ ಮತ. ಮೊದಲ ಸಾಲನ್ನು ಕಾನೂನಿನಂತೆ ಹಿಡಿದು ಎರಡನೆಯದನ್ನು ಮೂಲೆಗೆಸೆಯುವುದಕ್ಕೆ ಧರ್ಮನಿಷ್ಠೆ ಎಂಬ ಹೆಸರು ಒಪ್ಪುವುದಿಲ್ಲ.

ಕೇಳುವ ಮನಸ್ಸಿದ್ದರೆ ದೂರ ಹೋಗಬೇಕಿಲ್ಲ. ತುಂಗಭದ್ರಾ ಅಣೆಕಟ್ಟಿನಾಚೆ ಹುಲಿಗಿ ಇದೆ. ಹುಲಿಗೆಮ್ಮನ ಗುಡಿಯಲ್ಲಿ ಗಂಡಾಗಿ ಹುಟ್ಟಿದವರ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿ ಜೋಗತಿಯಾಗಿಸುವ ಪದ್ಧತಿ ಯಾವ ಮಿಷನರಿ ಬರುವುದಕ್ಕೂ ಹಿಂದಿನದು. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಹಾದುಬಂದದ್ದು ಈ ದಾರಿಯನ್ನೇ. ಮನೆಯ ಆಸರೆ ತಪ್ಪಿ, ವಿಷ ಕುಡಿದು ಬದುಕುಳಿದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯಿಂದ ಕುಣಿತ ಕಲಿತು ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಊರು ಯಾರನ್ನು ಅಪಶಕುನವೆಂದು ದೂಡಿತ್ತೋ ಅವರ ಸೆರಗು ದೇಶದ ಮೊದಲ ಪ್ರಜೆಯನ್ನು ಹರಸಿತು.

ಹುಲಿಗಿಯನ್ನು ಸ್ವರ್ಗ ಮಾಡಲು ನಾನು ಹೊರಟಿಲ್ಲ. ಜೋಗತಿಯರಿಗೆ ದೇವಿ ಜಾಗ ಕೊಟ್ಟಳು, ಸಮಾಜ ಕೊಟ್ಟದ್ದು ಜೋಳಿಗೆ. ಅಲ್ಲದೆ ಸೀರೆ ಉಡಲೊಲ್ಲದ, ಗಂಡಸಾಗಿಯೇ ಇದ್ದು ಇನ್ನೊಬ್ಬ ಗಂಡಸನ್ನು ಪ್ರೀತಿಸುವ ಹುಡುಗನಿಗೆ, ಹೆಣ್ಣನ್ನು ಪ್ರೀತಿಸುವ ಹುಡುಗಿಗೆ ಅಲ್ಲಿಯೂ ಹೆಸರಿಲ್ಲ. ಅಂಥ ಮಗು ಕ್ರೈಸ್ತ ಮನೆಯಲ್ಲಿ ಹುಟ್ಟಿದರೆ ಗುಡಿಯೂ ಇಲ್ಲ, ಸಭೆಯೂ ಇಲ್ಲ. ಅದಕ್ಕೆ ಸಿಗುವುದು ದೆವ್ವ ಬಿಡಿಸುವ ಪ್ರಾರ್ಥನೆ ಇಲ್ಲವೇ ಅವಸರದ ಮದುವೆ. ಇಂಥವರನ್ನು ‘ಸರಿಪಡಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಡಾಕ್ಟರು ಮಾಡಿದರೆ ತಪ್ಪಾದದ್ದನ್ನು ಸಭಾಪಾಲಕರು ಮಾಡಿದರೆ ಸೇವೆ ಎನ್ನಲಾದೀತೇ?

ಬೋಧನೆಯನ್ನು ಬದಲಿಸಲಾಗದು ಎನ್ನುತ್ತಾರೆ ಹಿರಿಯರು. ಸಿಎಸ್‌ಐ ಚರಿತ್ರೆಯೇ ಬೇರೆ ಮಾತು ಹೇಳುತ್ತದೆ. 1947ರಲ್ಲಿ ಹಲವು ಸಭೆಗಳು ಒಂದಾಗಿ ಸಿಎಸ್‌ಐ ಆದಾಗ ಆ ಐಕ್ಯ ಒಪ್ಪದೆ ಹೊರಗುಳಿದ ನಂದ್ಯಾಲದ ಆಂಗ್ಲಿಕನ್ನರು ಒಳಬಂದದ್ದು 1975ರಲ್ಲಿ. ಇಡೀ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅದೇ ನಂದ್ಯಾಲದ ಪೀಠವೇರಿದ್ದು 2013ರಲ್ಲಿ. ಹೆಣ್ಣಿಗೆ ಪೀಠ ಸಲ್ಲದು ಎನ್ನಲು ಕೂಡ ವಾಕ್ಯಗಳನ್ನು ಉದ್ಧರಿಸಿದವರಿದ್ದರು. ಸಭೆ ಮತ್ತೆ ಓದಿತು, ಬೇರೆಯಾಗಿ ಓದಿತು, ಮುಳುಗಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಮೊದಲು ಮಾಡಿದ ಕೆಲಸವೂ ಈ ಸೀಮೆಯ ಜನರ ಮಾತಿಗೆ ಕಿವಿಗೊಡುವುದೇ ಆಗಿತ್ತು.

ಇಂಗ್ಲೆಂಡಿನ ಸಭೆ 2023ರ ಫೆಬ್ರವರಿಯಲ್ಲಿ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆಯನ್ನು ಒಪ್ಪಿತು. ಕೂಟ ಬಿರುಕು ಬಿಟ್ಟಿತು. ಆ ಬಿರುಕಿನ ಯಾವ ಬದಿಗೆ ನಿಲ್ಲಬೇಕೆಂದು ನಮ್ಮ ಬಿಷಪ್ಪರು ಚರ್ಚಿಸಲಿ, ಸಮಯ ತೆಗೆದುಕೊಳ್ಳಲಿ. ಇನ್ನೆರಡು ಕೆಲಸಗಳಿಗೆ ಸಭೆಯ ಆಡಳಿತ ಮಂಡಳಿಯಾದ ಸಿನೊಡ್ ಸೇರಬೇಕಿಲ್ಲ, ಮತ ಹಾಕಬೇಕಿಲ್ಲ. ಮಗ ಅಥವಾ ಮಗಳು ಹೀಗೆ ಎಂದು ತಿಳಿದಾಗ ಮನೆಯಿಂದ ಹೊರಹಾಕುವುದು ಪಾಪ ಎಂದು ಮುಂದಿನ ಭಾನುವಾರವೇ ಪ್ರತಿ ಪ್ರಸಂಗಪೀಠದಿಂದ ಹೇಳಿಸಿ. ಹೆಸರು ಹೊರಬೀಳದಂತೆ ಆ ಮಕ್ಕಳನ್ನು ಕೂರಿಸಿಕೊಂಡು, ತಿದ್ದಲು ಹೋಗದೆ, ಅವರ ಮಾತು ಮುಗಿಯುವವರೆಗೂ ಕೇಳಿ.