ಕಂಪನಿಗಳು ಮರೆಯುವ ಬಗೆ

ತಮ್ಮ ಜ್ಞಾನ ಹೊರಗೆ ಸೋರೀತೆಂಬ ಭಯ ಕಂಪನಿಗಳಿಗೆ ಸದಾ ಇದೆ. ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟ್ ಮುಚ್ಚುತ್ತಾರೆ, ಗೋಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. 2023ರಲ್ಲಿ ಸ್ಯಾಮ್‌ಸಂಗ್‌ನ ಕೆಲವು ನೌಕರರು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾದ ಮೇಲೆ ಅಲ್ಲಿ ಅಂಥ ಸಾಧನಗಳಿಗೇ ತಡೆ ಬಿತ್ತು. ಈ ಎಚ್ಚರ ಬೇಕಾದದ್ದೇ. ಆದರೆ ಕದ್ದ ಜ್ಞಾನ ಒಳಗೂ ಉಳಿದಿರುತ್ತದೆ. ಮರೆತ ಜ್ಞಾನ ಯಾರ ಬಳಿಯೂ ಇರುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಗಂಡಾಂತರ, ಅದನ್ನು ಕಾಯಲು ಮಾತ್ರ ಯಾರೂ ಇಲ್ಲ.

ಅಮೆರಿಕದ ‘ಫಾಗ್‌ಬ್ಯಾಂಕ್’ ಪ್ರಕರಣವನ್ನೇ ನೋಡಿ. ಅದು ಅಣ್ವಸ್ತ್ರದ ಸಿಡಿತಲೆಯಲ್ಲಿ ಬಳಸುವ ಒಂದು ರಹಸ್ಯ ವಸ್ತು. ಟೆನೆಸಿಯ ಓಕ್ ರಿಜ್‌ನಲ್ಲಿ, ಸರ್ಕಾರಕ್ಕಾಗಿ ಗುತ್ತಿಗೆ ಕಂಪನಿಗಳು ನಡೆಸುತ್ತಿದ್ದ ಕಾರ್ಖಾನೆಯಲ್ಲಿ, 1980ರ ದಶಕದ ಕೊನೆಯವರೆಗೆ ತಯಾರಾಗುತ್ತಿತ್ತು. ಆಮೇಲೆ ನಿಂತಿತು. ಹಳೆಯ ಸಿಡಿತಲೆಗಳನ್ನು ನವೀಕರಿಸಲು ಅದು ಮತ್ತೆ ಬೇಕಾದಾಗ ಮಾಡುವುದು ಹೇಗೆಂದೇ ಗೊತ್ತಾಗಲಿಲ್ಲ. ದಾಖಲೆಗಳು ತೀರಾ ಕಡಿಮೆ. ಬಲ್ಲವರಲ್ಲಿ ಬಹುತೇಕರು ನಿವೃತ್ತರಾಗಿದ್ದರು, ಇಲ್ಲವೇ ಬಿಟ್ಟುಹೋಗಿದ್ದರು. ಹೀಗೆಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2009ರಲ್ಲಿ ವರದಿ ಮಾಡಿತು. ಸರಿಪಡಿಸಲು ಕೋಟಿಗಟ್ಟಲೆ ಡಾಲರ್ ಸುರಿಯಬೇಕಾಯಿತು.

ದಾಖಲೆ ಇದ್ದಿದ್ದರೆ ಸಾಕಾಗುತ್ತಿತ್ತೇ? ಹೊಸದಾಗಿ ಮಾಡಿದ ಸರಕು ಹಳೆಯದರ ಗುಣಕ್ಕೆ ಬರಲಿಲ್ಲ. ಹುಡುಕುತ್ತ ಹೋದಾಗ ಕಂಡದ್ದು ಇದು: ಹಳೆಯ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶವಿತ್ತು, ಸರಕಿನ ಗುಣ ನಿಂತಿದ್ದದ್ದೇ ಅದರ ಮೇಲೆ. ಹೊಸಬರ ಶುದ್ಧೀಕರಣ ಹೆಚ್ಚು ಚೊಕ್ಕಟವಾಗಿದ್ದರಿಂದ ಅದು ಹೊರಟುಹೋಗಿತ್ತು. ಹಳಬರಿಗೂ ಆ ಕಲ್ಮಶದ ಮಹತ್ವ ತಿಳಿದಿರಲಿಲ್ಲ. ತಮಗೇ ತಿಳಿಯದ್ದನ್ನು ಅವರು ಯಾವ ಕಡತದಲ್ಲಿ ಬರೆಯಬೇಕಿತ್ತು? ತಯಾರಿಕೆ ಎಡೆಬಿಡದೆ ನಡೆದಿದ್ದರೆ, ಶುದ್ಧಿಯ ವಿಧಾನ ಬದಲಾದ ದಿನವೇ ಸರಕು ಕೆಟ್ಟು, ಕಾರಣ ಕೈಗೆ ಸಿಗುತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ನಿದರ್ಶನವನ್ನು ಜಪಾನಿನ ನಿರ್ವಹಣಾ ವಿದ್ವಾಂಸ ಇಕುಜಿರೊ ನೊನಾಕಾ ದಾಖಲಿಸಿದ್ದಾರೆ. 1980ರ ದಶಕದಲ್ಲಿ ಮತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿತ್ತು. ಅದು ಹಿಟ್ಟನ್ನು ಹದವಾಗಿ ನಾದುತ್ತಿರಲಿಲ್ಲ. ಎಕ್ಸ್-ರೇ ತೆಗೆದು ನೋಡಿದರೂ ಕಾರಣ ಹೊಳೆಯಲಿಲ್ಲ. ಆಗ ಇಕುಕೊ ತನಕಾ ಎಂಬ ಸಾಫ್ಟ್‌ವೇರ್ ತಜ್ಞೆ ಒಸಾಕಾದ ಹೋಟೆಲೊಂದರ ಮುಖ್ಯ ಬೇಕರಿ ಬಾಣಸಿಗರ ಬಳಿ ಕಲಿಯಲು ಹೋದರು. ಅವರು ಹಿಟ್ಟನ್ನು ಎಳೆಯುವಾಗ ಒಂದು ಬಗೆಯಲ್ಲಿ ತಿರುಚುತ್ತಿದ್ದದ್ದು ತನಕಾರ ಕಣ್ಣಿಗೆ ಬಿತ್ತು. ಯಂತ್ರ ಸರಿಹೋಯಿತು. ಪಕ್ಕದಲ್ಲಿ ನಿಂತವರಿಗಷ್ಟೇ ದಕ್ಕುವ ವಿದ್ಯೆ ಅದು.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇಂಥ ವಿದ್ಯೆಯನ್ನು ದಾಟಿಸಲು ಇರುವ ಏರ್ಪಾಡೆಂದರೆ ‘ಕೆಟಿ’, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ರಾಜೀನಾಮೆ ಕೊಟ್ಟವರು ನೋಟಿಸ್ ಪೀರಿಯಡ್‌ನ ಕೊನೆಯ ವಾರಗಳಲ್ಲಿ ಇನ್ನೊಬ್ಬರಿಗೆ ಎಲ್ಲ ‘ಕೆಟಿ ಕೊಟ್ಟು’ ಹೋಗಬೇಕು. ಎಕ್ಸೆಲ್ ಶೀಟಿನಲ್ಲಿ ಪಟ್ಟಿ, ಪ್ರತಿ ಸಾಲಿನ ಮುಂದೆ ‘ಡನ್’. ಮೀಟಿಂಗ್ ರೆಕಾರ್ಡ್ ಆಗುತ್ತದೆ, ಅದನ್ನು ತಿರುಗಿ ನೋಡುವವರು ವಿರಳ. ಕಲಿಯುವವರಿಗೆ ಏನು ಕೇಳಬೇಕೆಂದೂ ಹೊಳೆಯುವುದಿಲ್ಲ, ಪ್ರಶ್ನೆಗಳು ಏಳುವುದು ಕೆಲಸ ಕೈಗೆ ಬಂದ ಮೇಲೆಯೇ. ತಿಂಗಳ ಕೊನೆಯ ರಾತ್ರಿ ಬ್ಯಾಚ್ ಜಾಬ್ ಫೇಲಾದರೆ ಮೊದಲು ಎಲ್ಲಿ ನೋಡಬೇಕು, ಪರದೆಯ ಮೇಲೆ ಕೆಂಪಾಗಿ ಬರುವ ಯಾವ ಎಚ್ಚರಿಕೆಯನ್ನು ಬಿಟ್ಟುಬಿಡಬಹುದು, ಕ್ಲೈಂಟ್ ಕಡೆಯವರಲ್ಲಿ ಯಾರಿಗೆ ಫೋನ್ ಮಾಡಿದರೆ ಕೆಲಸವಾಗುತ್ತದೆ: ಇವು ಆ ಶೀಟಿನಲ್ಲಿ ಇರುವುದಿಲ್ಲ.

ಎಲ್ಲವನ್ನೂ ಒಬ್ಬರ ತಲೆಯಲ್ಲೇ ಬಿಡುವುದೂ ಅಪಾಯವಲ್ಲವೇ ಎಂದು ಮ್ಯಾನೇಜರುಗಳು ಕೇಳುತ್ತಾರೆ. ಹೌದು, ಅಪಾಯವೇ. ಐಎಸ್‌ಒ 9001 ಮಾನದಂಡ ಕೂಡ 2015ರಿಂದ ಸಂಸ್ಥೆಯ ಜ್ಞಾನವನ್ನು ಕಾಪಾಡಿಕೊಳ್ಳಬೇಕೆಂದು ವಿಧಿಸಿದೆ. ಆದರೆ ನೌಕರರು ಬಲ್ಲದ್ದನ್ನು ಏಕೆ ಬಿಚ್ಚಿಡುವುದಿಲ್ಲ ಎಂಬುದನ್ನು ಆ ಮಾನದಂಡ ಕೇಳುವುದಿಲ್ಲ. ಗೊತ್ತಿರುವುದನ್ನೆಲ್ಲ ಬರೆದುಕೊಟ್ಟವರನ್ನು ಮನೆಗೆ ಕಳಿಸುವುದು ಸುಲಭ. ಲೇಆಫ್ ಕಾಲದಲ್ಲಿ ಇದನ್ನು ಯಾರೂ ನೌಕರರಿಗೆ ಹೇಳಿಕೊಡಬೇಕಿಲ್ಲ. ವರ್ಷಗಟ್ಟಲೆ ದುಡಿದವರನ್ನು ಒಂದು ಇಮೇಲಿನಲ್ಲಿ ಕೈಬಿಡುವ ಕಂಪನಿ, ಉಳಿದವರು ಮನಸ್ಸು ಬಿಚ್ಚಿ ಕಲಿಸಲಿ ಎಂದು ಬಯಸುವುದು ಅನ್ಯಾಯ.

ಮಾಡಬಹುದಾದದ್ದು ಇದೆ, ಅದಕ್ಕೆ ದುಡ್ಡು ಬೇಕು. ರಾಜೀನಾಮೆಗೆ ಕಾಯದೆ ಮುಖ್ಯ ಕೆಲಸಗಳಲ್ಲಿ ಮೊದಲಿಂದಲೇ ಇಬ್ಬರು ಜೊತೆಗಿರಬೇಕು. ಎರಡನೆಯವರ ಹೆಸರಲ್ಲಿ ಕ್ಲೈಂಟಿಗೆ ಬಿಲ್ ಹಾಕಲಾಗದು, ಆ ಸಂಬಳವನ್ನು ಕಂಪನಿಯೇ ಹೊರಬೇಕು. ಕಿರಿಯರಿಗೆ ಕಲಿಸಲು ಕಳೆದ ಗಂಟೆಗಳು ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ಬರಬೇಕು. ಕಲಿಸಿಕೊಟ್ಟವರ ಹೆಸರನ್ನು ಆ ಕಾರಣಕ್ಕಾಗಿಯೇ ಲೇಆಫ್ ಪಟ್ಟಿಗೆ ಸೇರಿಸುವುದಿಲ್ಲವೆಂಬ ಮಾತನ್ನು ಕಂಪನಿ ಲಿಖಿತವಾಗಿ ಕೊಡಬೇಕು.