ಕಲೆಯ ಮನೆಗೆ ಬಾಡಿಗೆ ಕಟ್ಟುವವರು ಯಾರು?

ಬೆಂಗಳೂರಿನ ಶಾಂತಿನಗರದಲ್ಲಿರುವ ‘ಒನ್ ಶಾಂತಿರೋಡ್’ ಎಂಬ ಸ್ವತಂತ್ರ ಕಲಾತಾಣ ಎರಡು ದಶಕಗಳನ್ನು ದಾಟಿದೆ. ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ವಾಸದ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟರು. ವಾಸ್ತುಶಿಲ್ಪಿ ಮೀತಾ ಜೈನ್ ವಿನ್ಯಾಸಗೊಳಿಸಿದ ಈ ಕಟ್ಟಡ, ನಿವೇಶನದಲ್ಲಿದ್ದ ಬಾದಾಮಿ ಮರವನ್ನು ಉಳಿಸಿಕೊಂಡೇ ಮೇಲೆದ್ದಿತು. ಇಲ್ಲಿ ಪ್ರದರ್ಶನ ನಡೆಯುತ್ತದೆ, ಉಪನ್ಯಾಸ ನಡೆಯುತ್ತದೆ, ಹೊರನಾಡಿನ ಕಲಾವಿದರು ಬಂದು ತಂಗಿ ಕೆಲಸ ಮಾಡುತ್ತಾರೆ. ಇವೆಲ್ಲಕ್ಕಿಂತ ಮಿಗಿಲಾಗಿ ಊಟದ ಮೇಜಿನ ಸುತ್ತ ಮಾತುಕತೆ ನಡೆಯುತ್ತದೆ. ಅಲ್ಲಿನ ಅಡುಗೆಮನೆಯ ಕುರಿತೇ ಒಂದು ಪುಸ್ತಕ ಬಂದಿದೆಯೆಂದರೆ ಆ ಮನೆಯ ಸ್ವಭಾವ ಓದುಗರಿಗೆ ತಿಳಿದೀತು.

ಇಂಥ ತಾಣಗಳು ಹತ್ತು, ಇಪ್ಪತ್ತು, ಇಪ್ಪತ್ತೈದು ವರ್ಷ ಪೂರೈಸಿದಾಗ ವಾರ್ಷಿಕೋತ್ಸವದ ಪ್ರದರ್ಶನ ಏರ್ಪಡಿಸುವುದು ವಾಡಿಕೆ. ಹಳೆಯ ಆಹ್ವಾನ ಪತ್ರಿಕೆಗಳು, ಛಾಯಾಚಿತ್ರಗಳು, ಅಲ್ಲಿ ಮೊದಲ ಹೆಜ್ಜೆಯಿಟ್ಟು ಈಗ ಹೆಸರು ಮಾಡಿರುವವರ ಕೃತಿಗಳು ಗೋಡೆಗೇರುತ್ತವೆ. ಅರ್ಥಶಾಸ್ತ್ರ ಓದಿ, ಸರ್ಕಾರದ ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಮಾತ್ರ ಗೋಡೆಯ ಮೇಲೆ ಕಾಣಿಸದ ವಸ್ತುವೊಂದರ ಮೇಲೆಯೇ ಕಣ್ಣು. ಅದು ಲೆಕ್ಕದ ಪುಸ್ತಕ. ಇಷ್ಟು ವರ್ಷ ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ, ಸುಣ್ಣಬಣ್ಣ, ಕಾವಲಿನವನ ಸಂಬಳ ಎಲ್ಲಿಂದ ಬಂದವು?

ನನ್ನ ಹುಟ್ಟೂರು ಬೇಲೂರು ತಾಲ್ಲೂಕಿನ ಮಾದಿಹಳ್ಳಿ. ಹಳೇಬೀಡೂ ಬೇಲೂರೂ ನಮಗೆ ನೆರೆಮನೆಯಂತೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಬೇಲೂರಿನ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಅವರ ಕಲೆಯನ್ನು ಹೊಗಳದವರಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಈ ದೇಗುಲಗಳು ಸೇರಿದಾಗ ನಮ್ಮ ಕಡೆಯವರೆಲ್ಲ ಹಿಗ್ಗಿದ್ದೂ ಸಹಜವೇ. ಆದರೆ ಆ ಕಾಲದ ಶಾಸನಗಳನ್ನು ಓದುವಾಗ ನನಗೆ ಮೆಚ್ಚುಗೆಯಾಗುವುದು ಬೇರೊಂದು ಸಂಗತಿ. ದೇಗುಲ ಕಟ್ಟಿಸಿದವರು ಕಟ್ಟಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಅಂಗಭೋಗಕ್ಕೆ, ರಂಗಭೋಗಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಭೂಮಿಯನ್ನು ದತ್ತಿ ಬಿಡುತ್ತಿದ್ದರು. ಎಂದರೆ ನಿತ್ಯದ ಖರ್ಚಿಗೆ, ಹಾಡು ಕುಣಿತಕ್ಕೆ, ಒಡೆದದ್ದನ್ನು ಸರಿಪಡಿಸುವುದಕ್ಕೆ ವರ್ಷವರ್ಷವೂ ಒದಗುವ ಆದಾಯ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ನಿರ್ಮಾಣದ ಹೊಣೆ ಹೊತ್ತವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ನಮ್ಮ ವೃತ್ತಿಯ ಪೂರ್ವಿಕನೆಂದು ಅವನ ಮೇಲೆ ನನಗೆ ಕೊಂಚ ಹೆಚ್ಚಿನ ಅಭಿಮಾನ.

ಇಂದಿನ ಆಡಳಿತಕ್ಕೆ ಬಂಡವಾಳ ವೆಚ್ಚವೆಂದರೆ ಪ್ರೀತಿ, ಆವರ್ತಕ ವೆಚ್ಚವೆಂದರೆ ಅಂಜಿಕೆ. ಕಟ್ಟಡಕ್ಕೆ ಶಂಕುಸ್ಥಾಪನೆಯ ಫಲಕವಿರುತ್ತದೆ, ಉತ್ಸವಕ್ಕೆ ವೇದಿಕೆಯಿರುತ್ತದೆ. ವಿದ್ಯುತ್ ಬಿಲ್ಲಿಗೆ ಇವೆರಡೂ ಇಲ್ಲ. ಸಂಘಸಂಸ್ಥೆಗಳಿಗೆ ಕಾರ್ಯಕ್ರಮದ ಹೆಸರಿನಲ್ಲಿ ಧನಸಹಾಯ ಸಿಗುತ್ತದೆ. ಎರಡು ಕಾರ್ಯಕ್ರಮಗಳ ನಡುವೆ ಬಾಗಿಲು ತೆರೆದಿಟ್ಟುಕೊಂಡು ಕುಳಿತವರಿಗೆ ಸಿಗುವುದು ದುರ್ಲಭ. ಸೇವೆಯಲ್ಲಿದ್ದಾಗ ಕಿರಿಯ ಕಲಾವಿದರ ತಂಡವೊಂದು ಸ್ಟುಡಿಯೊ ಬಾಡಿಗೆಗೆ ನೆರವು ಕೋರಿದ್ದ ಅರ್ಜಿ ನನ್ನ ಮೇಜಿಗೆ ಬಂದಿತ್ತು. ‘ಈ ಉದ್ದೇಶಕ್ಕೆ ಲೆಕ್ಕಶೀರ್ಷಿಕೆ ಇಲ್ಲ, ಪರಿಗಣಿಸಲಾಗದು’ ಎಂದು ಟಿಪ್ಪಣಿ ಬರೆದು ಹಿಂದಿರುಗಿಸಿದವನು ನಾನೇ. ನಿಯಮದ ಪ್ರಕಾರ ಅದು ತಪ್ಪಲ್ಲ. ಹೊಸದೊಂದು ಶೀರ್ಷಿಕೆ ಬೇಕೆಂದು ಎರಡು ಸಾಲು ಹೆಚ್ಚಿಗೆ ಬರೆಯಬಹುದಿತ್ತು, ಬರೆಯಲಿಲ್ಲ.

ಕಲೆಯ ವೆಚ್ಚ ಏಕೆ ಏರುತ್ತಲೇ ಹೋಗುತ್ತದೆಂಬುದನ್ನು ಅರ್ಥಶಾಸ್ತ್ರಜ್ಞರಾದ ಬಾಮೊಲ್ ಮತ್ತು ಬೋವೆನ್ 1966ರಷ್ಟು ಹಿಂದೆಯೇ ವಿವರಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಉತ್ಪಾದಕತೆ ಹೆಚ್ಚುತ್ತದೆ. ನಾಲ್ವರು ನುಡಿಸಬೇಕಾದ ಸಂಗೀತವನ್ನು ಇಬ್ಬರಿಂದ ನುಡಿಸಲಾಗದು. ಕೂಲಿ, ಬಾಡಿಗೆ ಮಾತ್ರ ಎಲ್ಲರಿಗೂ ಸಮನಾಗಿ ಏರುತ್ತವೆ. ಬೆಂಗಳೂರಿನ ನಿವೇಶನದ ಬೆಲೆಯನ್ನು ಇದಕ್ಕೆ ಸೇರಿಸಿದರೆ ಇಲ್ಲಿನ ಕಲಾತಾಣಗಳ ಕಥೆ ಅರ್ಥವಾಗುತ್ತದೆ. 2009ರಲ್ಲಿ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ‘ಸಮೂಹ’ ಎಂಬ ಕಲಾವಿದರ ಕೂಟ ಬಾಡಿಗೆ ಹಂಚಿಕೊಂಡು ಜಾಗ ಹಿಡಿದಾಗ, ಮೊದಲೇ 414 ದಿನಗಳ ಗಡುವು ಹಾಕಿಕೊಂಡಿತ್ತು. ಮುಚ್ಚುವ ದಿನವನ್ನು ಮೊದಲೇ ನಿಗದಿ ಮಾಡಿಕೊಳ್ಳುವುದರಲ್ಲಿ ಒಂದು ಬಗೆಯ ವಿವೇಕವಿದೆ, ಒಂದು ಬಗೆಯ ದುಃಖವೂ ಇದೆ. ಒನ್ ಶಾಂತಿರೋಡ್‌ನ ನೆಲೆ ಬೇರೆ. ಅದು ಒಬ್ಬರ ಸ್ವಂತ ಮನೆ, ಮನೆಯೊಡೆಯರ ತಾಳ್ಮೆ ದೊಡ್ಡದು. ಸಾರ್ವಜನಿಕ ಸೌಲಭ್ಯವೊಂದು ಒಬ್ಬ ವ್ಯಕ್ತಿಯ ಮನೆಯನ್ನೂ ಆಯುಷ್ಯವನ್ನೂ ಆಧರಿಸಿ ನಿಂತಿರುವುದು ಆ ವ್ಯಕ್ತಿಯ ಹಿರಿಮೆ ಹೌದು, ನಮ್ಮ ವ್ಯವಸ್ಥೆಯ ಹಿರಿಮೆಯಲ್ಲ.

ಖಾಸಗಿ ಉದ್ಯಮ ನೋಡಿಕೊಳ್ಳಲಿ ಎನ್ನುವವರಿದ್ದಾರೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿ, ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಯಾವುದಕ್ಕೆ ಬಳಸಬಹುದೆಂದು ಹೇಳುತ್ತದೆ. ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಅಲ್ಲಿದೆ. ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳ ಅಭಿವೃದ್ಧಿಯೂ ಇದೆ. ಇಂದು ಬದುಕಿರುವವರು ಮಾಡುತ್ತಿರುವ ಪ್ರಯೋಗಶೀಲ ಕಲೆಗೆ ಅಲ್ಲಿ ನೇರ ಹೆಸರಿಲ್ಲ. ಕಂಪನಿಯ ಲೆಕ್ಕಪರಿಶೋಧಕರು ಇಂಥಲ್ಲಿ ಹಿಂಜರಿಯುವುದು ಸ್ವಾಭಾವಿಕ. ವೆಂಕಟಪ್ಪ ಕಲಾಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದದ ವಿರುದ್ಧ ಕಲಾವಿದರು 2016ರಲ್ಲಿ ಬೀದಿಗಿಳಿದದ್ದನ್ನೂ ಮರೆಯುವಂತಿಲ್ಲ.

ಸರ್ಕಾರದ ಹಣ ಬಂದರೆ ಸರ್ಕಾರದ ಕೈಯೂ ಬರುತ್ತದೆಂಬ ಕಲಾವಿದರ ಭಯವನ್ನು ನಾನು ತಳ್ಳಿಹಾಕಲಾರೆ. ಆ ಕೈ ಹೇಗೆ ಕೆಲಸ ಮಾಡುತ್ತದೆಂದು ಬಲ್ಲೆ. ಆದರೆ ಅದಕ್ಕೆ ಪರಿಹಾರವಿಲ್ಲದಿಲ್ಲ. ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್‌ಗೆ ರೂಪುಕೊಟ್ಟ ಕೇನ್ಸ್, ಹಣ ಖಜಾನೆಯದಾದರೂ ಆಯ್ಕೆ ಖಜಾನೆಯದಾಗಬಾರದೆಂಬ ಅಂತರವನ್ನು ಅದರ ಬುನಾದಿಯಲ್ಲೇ ಇಟ್ಟಿದ್ದರು. 1946ರಲ್ಲಿ ಅದರ ಸನ್ನದು ಹೊರಬೀಳುವ ಮುನ್ನವೇ ಅವರು ತೀರಿಕೊಂಡರು, ಪದ್ಧತಿ ಉಳಿಯಿತು. ನಮ್ಮಲ್ಲಿಯೇ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ನಟರಿಗೆ ಸರ್ಕಾರ ಸಂಬಳ ಕೊಡಲು ಒಪ್ಪಿತು. ರಂಗಭೂಮಿಗೆ ಸಾಧ್ಯವಾದದ್ದು ದೃಶ್ಯಕಲೆಗೆ ಅಸಾಧ್ಯವೆಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ.

ಬೇಕಿರುವುದು ದೊಡ್ಡ ಮೊತ್ತವೇನಲ್ಲ. ಹತ್ತು ವರ್ಷ ಬಾಗಿಲು ತೆರೆದಿಟ್ಟ ತಾಣಗಳಿಗೆ ಮೂರು ವರ್ಷಗಳ ಅವಧಿಗೆ ಒಮ್ಮೆಲೇ ಮಂಜೂರಾಗುವ ನಿರ್ವಹಣಾ ಅನುದಾನ, ಆಸ್ತಿ ತೆರಿಗೆಯಲ್ಲಿ ವಿನಾಯಿತಿ, ಆಯ್ಕೆಗೆ ಅಧಿಕಾರಿಗಳಿಲ್ಲದ ಸಮಿತಿ, ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದೆ ಲೆಕ್ಕ. ಹಾಸನದಂಥ ಜಿಲ್ಲಾ ಕೇಂದ್ರಗಳಿಗೂ ಇದು ವಿಸ್ತರಿಸಬೇಕು. ಲೋಕವೇ ಬಂದು ನೋಡುವ ಶಿಲ್ಪಗಳ ಪಕ್ಕದಲ್ಲಿ ಬೆಳೆದ ಮಾದಿಹಳ್ಳಿಯ ಹುಡುಗಿಯೊಬ್ಬಳು ಕಲಾಶಾಲೆ ಮುಗಿಸಿ ಊರಿಗೆ ಮರಳಿದರೆ, ತಾನು ಮಾಡಿದ್ದನ್ನು ನಾಲ್ಕು ಜನರಿಗೆ ತೋರಿಸಲು ಕಲ್ಯಾಣಮಂಟಪದ ಊಟದ ಹಾಲ್ ಬಿಟ್ಟು ಬೇರೆ ಜಾಗ ಅವಳಿಗೆ ಇರಬೇಡವೇ?

ಅಂದು ನಾನು ಹಿಂದಿರುಗಿಸಿದ ಅರ್ಜಿಯ ತಂಡ ಮರುವರ್ಷ ಅರ್ಜಿ ಹಾಕಲಿಲ್ಲ. ಒಂದೆರಡು ವರ್ಷಗಳ ಬಳಿಕ ಆ ಬೀದಿಯಲ್ಲಿ ಹಾದುಹೋದಾಗ ಅವರ ಸ್ಟುಡಿಯೊ ಇದ್ದ ಕಡೆ ಟೈಲ್ಸ್ ಅಂಗಡಿಯೊಂದು ತೆರೆದಿತ್ತು.