ಕೆಟ್ಟದ್ದು ಸಹವಾಸದಿಂದಲ್ಲ

‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯನ್ನು ಶಾಲೆಯ ಈ 28 ವರ್ಷಗಳಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಗಳ ಅಂಕ ಇಳಿದಿದೆ, ಮಗ ಎದುರು ಮಾತಾಡುತ್ತಾನೆ ಎಂದು ಕಣ್ಣೊರೆಸಿಕೊಳ್ಳುತ್ತ ಬರುವ ತಾಯಂದಿರಿಗೆ ‘ಸಹವಾಸ ನೋಡಿಕೊಳ್ಳಿ ಅಮ್ಮಾ’ ಎಂದುಬಿಟ್ಟರೆ ನನ್ನ ಕೆಲಸ ಮುಗಿಯಿತು. ತಾಯಿಗೂ ಸಮಾಧಾನ. ತಪ್ಪು ಅವರ ಮನೆಯದೂ ಅಲ್ಲ, ನನ್ನ ತರಗತಿಯದೂ ಅಲ್ಲ, ಯಾರದೋ ಮೂರನೆಯವರ ಮಗುವಿನದು. ಇಷ್ಟು ಅನುಕೂಲದ ಗಾದೆ ಇನ್ನೊಂದಿಲ್ಲ.

ಈ ಗಾದೆಯ ಮೇಲೆ ನನಗೆ ಅನುಮಾನ ಹುಟ್ಟಿಸಿದ್ದು ಒಂದು ಥಾಯ್ ಧಾರಾವಾಹಿ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ರಜೆಗೆ ಬಂದಿದ್ದ ಅಕ್ಕನ ಮಗಳು ಮೊಬೈಲು ಹಿಡಿದು ಮೂಲೆಯಲ್ಲಿ ಕೂತಿದ್ದಳು. ‘ಅದೇನೇ ಅಷ್ಟು ಹೊತ್ತಿನಿಂದ?’ ಎಂದು ಗದರಿದೆ. ‘ಬನ್ನಿ ಚಿಕ್ಕಮ್ಮ, ನೀವೂ ನೋಡಿ. ಟೀಚರ್ ಆದವರು ನೋಡಲೇಬೇಕು’ ಎಂದಳು. ತಪ್ಪು ಹಿಡಿಯಬೇಕೆಂದೇ ಕೂತವಳು ನಾನು. ಇಂಗ್ಲಿಷ್ ಉಪಶೀರ್ಷಿಕೆ ಓದುತ್ತ ಓದುತ್ತ ಅವಳು ಊರಿಗೆ ಹೋದ ಮೇಲೂ ಒಬ್ಬಳೇ ಮುಂದುವರಿಸಿದೆ.

ಧಾರಾವಾಹಿಯ ಹೆಸರು ‘ಹಾರ್ಮೋನ್ಸ್’. 2013ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಶುರುವಾಗಿ, 2014 ಮತ್ತು 2015ರಲ್ಲಿ ಇನ್ನೆರಡು ಭಾಗ ಬಂದು ಮುಗಿದದ್ದು. ಮೊದಲ ಭಾಗದ ನಿರ್ದೇಶಕ ಸೊಂಗ್ಯೊಸ್ ಸುಗ್ಮಕನನ್. ಮಾಡಿದ್ದು ನಾದಾವ್ ಬ್ಯಾಂಕಾಕ್ ಎಂಬ ಸಂಸ್ಥೆ. 2022ರಲ್ಲಿ ಅದು ಬಾಗಿಲು ಮುಚ್ಚಿತು, ಧಾರಾವಾಹಿಯನ್ನು ಜನ ಮರೆಯಲಿಲ್ಲ. ಕಥೆ ನಡೆಯುವುದು ಬ್ಯಾಂಕಾಕಿನ ಒಂದು ಕಲ್ಪನೆಯ ಪ್ರೌಢಶಾಲೆಯಲ್ಲಿ. ಇದಕ್ಕೆ ಒಬ್ಬ ನಾಯಕ, ಒಬ್ಬ ನಾಯಕಿ ಎಂದಿಲ್ಲ. ಎಂಟೊಂಬತ್ತು ಮಕ್ಕಳು, ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಒಂದೊಂದು ಕಂತಿಗೂ ಒಂದೊಂದು ಹಾರ್ಮೋನಿನ ಹೆಸರು. ಹೆಸರು ನೋಡಿ ನಾನೂ ಮೂಗು ಮುರಿದೆ. ನೋಡುತ್ತ ಹೋದಂತೆ ಗೊತ್ತಾಯಿತು, ಹೆಸರು ಮೈಯದು, ಕಥೆ ಒಂಟಿತನದ್ದು.

ಆ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿ. ಖ್ವಾನ್ ಎಂಬ ಹುಡುಗಿ ತರಗತಿಗೇ ಮೊದಲು. ಎಲ್ಲ ಟೀಚರಿಗೂ ಮುದ್ದು. ಇಂಥವಳೊಬ್ಬಳು ನಮ್ಮ ತರಗತಿಯಲ್ಲೂ ಇರುತ್ತಾಳೆ, ಉಳಿದವರಿಗೆಲ್ಲ ಅವಳನ್ನು ತೋರಿಸಿ ಬೈಯುತ್ತೇವೆ. ಅಪ್ಪನಿಗೆ ಇನ್ನೊಂದು ಸಂಸಾರ ಇದೆ ಎಂದು ತಿಳಿದಾಗ ಆ ಜಾಣೆಗೆ ತನ್ನ ಜಾಣತನ ಯಾವ ಉಪಯೋಗಕ್ಕೂ ಬರುವುದಿಲ್ಲ. ತೋಯ್ ಎಂಬವಳು ಹುಡುಗರ ಜತೆ ಸಲುಗೆಯಿಂದ ಇರುವವಳು. ಅವಳ ಬೆನ್ನ ಹಿಂದೆ ಮಾತಾಡುವವರು ಹುಡುಗಿಯರೇ. ಫಾಯ್ ಬೇರೆ ಶಾಲೆಯ ಹುಡುಗರ ಜತೆ ಹೊಡೆದಾಡುವವನು. ಮಾಕ್ ಎಂಬವನು ಕ್ಯಾಮೆರಾ ಹಿಡಿದು ಓಡಾಡುವ, ಮಾತೇ ಆಡದ ಹುಡುಗ. ಇನ್ನು ವಿನ್. ಸಮವಸ್ತ್ರ ಯಾಕೆ ಎಂದು ಕೇಳಿ ಶಾಲೆಯನ್ನೇ ಎದುರು ಹಾಕಿಕೊಳ್ಳುತ್ತಾನೆ. ನನ್ನ ತರಗತಿಯಲ್ಲಿ ಇಂಥವನಿದ್ದಿದ್ದರೆ ಅವತ್ತೇ ಅವನ ಅಪ್ಪನಿಗೆ ಫೋನು ಹೋಗುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದವಳು ಡಾವ್. ಥಾಯ್ ಭಾಷೆಯಲ್ಲಿ ಆ ಹೆಸರಿಗೆ ನಕ್ಷತ್ರ ಎಂದು ಅರ್ಥ. ಕಥೆ ಬರೆಯುವ ಕನಸುಗಣ್ಣಿನ ಹುಡುಗಿ. ಅಮ್ಮ ಅವಳ ಮೇಲೆ ಹದ್ದಿನ ಕಣ್ಣಿಟ್ಟವಳು. ಅಂಥ ಮನೆಯ ಹುಡುಗಿಯೇ ಒಂದು ದಿನ ಒಬ್ಬ ಹುಡುಗನ ಜತೆ ಎಡವುತ್ತಾಳೆ, ಗರ್ಭಿಣಿಯಾಗಿಬಿಟ್ಟೆನೇನೋ ಎಂದು ನಡುಗುತ್ತಾಳೆ. ಮಗಳನ್ನು ಕಾಯುವುದೊಂದನ್ನೇ ಕೆಲಸ ಮಾಡಿಕೊಂಡ ತಾಯಿ, ಮಗಳಿಗೆ ಅಗತ್ಯ ಬಿದ್ದಾಗ ಹೋಗಿ ಹೇಳಬಹುದಾದ ತಾಯಿಯಾಗಿ ಉಳಿದಿರುವುದಿಲ್ಲ. ಈ ಭಾಗ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಧಾರಾವಾಹಿ ಬಂದಾಗ ಥಾಯ್ಲೆಂಡಿನಲ್ಲೂ ಗಲಾಟೆಯಾಯಿತು. ಇದು ಮಕ್ಕಳನ್ನು ಕೆಡಿಸುತ್ತದೆ, ಶಾಲೆಯ ಮರ್ಯಾದೆ ತೆಗೆಯುತ್ತದೆ ಎಂಬ ದೂರುಗಳು ಹೋದವು. ಪ್ರಸಾರವನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಆಯೋಗ 2013ರಲ್ಲಿ ನಿರ್ಮಾಪಕರನ್ನು ಕರೆಸಿ ಮಾತಾಡಿತು. ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಪ್ರಸ್ತಾಪ ತೆಗೆದಾಗ ಸಹೋದ್ಯೋಗಿಯೊಬ್ಬರು ‘ನಿಮಗ್ಯಾಕೆ ಮೇಡಂ ಈ ವಯಸ್ಸಿನಲ್ಲಿ ಇದೆಲ್ಲ? ಇಂಥದ್ದನ್ನ ನೋಡಿಯೇ ಹುಡುಗರು ಹಾಳಾಗೋದು’ ಎಂದರು. ಬ್ಯಾಂಕಾಕಿನ ದೂರಿಗೂ ನಮ್ಮ ಸ್ಟಾಫ್ ರೂಮಿನ ದೂರಿಗೂ ಒಂದಕ್ಷರದ ವ್ಯತ್ಯಾಸವಿಲ್ಲ.

ನಾನು ಕೇಳುವುದು ಇಷ್ಟೇ. ಈ ಧಾರಾವಾಹಿ ಬರುವುದಕ್ಕೆ ಮುಂಚೆ ಮಕ್ಕಳು ಕೆಟ್ಟಿರಲಿಲ್ಲವೇ? 2012ರಲ್ಲೇ ಥಾಯ್ಲೆಂಡಿನಲ್ಲಿ 15ರಿಂದ 19 ವರ್ಷದ ಪ್ರತಿ ಸಾವಿರ ಹುಡುಗಿಯರಲ್ಲಿ 50ಕ್ಕೂ ಹೆಚ್ಚು ಮಂದಿ ತಾಯಂದಿರಾಗುತ್ತಿದ್ದರು. ಮುಚ್ಚಿಟ್ಟು ಸಾಧಿಸಿದ್ದು ಇದು. ಕೊನೆಗೆ 2016ರಲ್ಲಿ ಆ ಸರ್ಕಾರವೇ ಕಾನೂನು ತಂದು, ಮಕ್ಕಳಿಗೆ ಈ ವಿಷಯ ಹೇಳಿಕೊಡಬೇಕು, ಬಸುರಾದ ವಿದ್ಯಾರ್ಥಿನಿಗೆ ಓದು ಮುಂದುವರಿಸಲು ಅವಕಾಶ ಇರಬೇಕು ಎಂದಿತು. ಅಲ್ಲಿಂದೀಚೆಗೆ ಆ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿದೆ. ಧಾರಾವಾಹಿಯಿಂದ ಇಳಿಯಿತು ಎಂದು ನಾನು ಹೇಳುತ್ತಿಲ್ಲ, ಅಷ್ಟು ಮಂಕು ನನಗಿಲ್ಲ. ಆದರೆ ಬಾಯಿ ಬಿಟ್ಟು ಮಾತಾಡಿದ್ದರಿಂದ ಏರಲಿಲ್ಲವಲ್ಲ, ಅದನ್ನಾದರೂ ಒಪ್ಪಿಕೊಳ್ಳೋಣ.

ಇನ್ನು ಆ ದೇಶದ ಶಾಲೆಗಳ ವಿಷಯ. ಓದುತ್ತ ಹೋದರೆ ನಮ್ಮ ಪಕ್ಕದ ಬೀದಿಯ ಶಾಲೆ ಎನಿಸುತ್ತದೆ. ಬೆಳಿಗ್ಗೆ 8 ಗಂಟೆಗೆ ಸಾಲಾಗಿ ನಿಂತು ಧ್ವಜಕ್ಕೆ ವಂದನೆ, ರಾಷ್ಟ್ರಗೀತೆ. ವರ್ಷಕ್ಕೊಮ್ಮೆ ‘ವಾಯ್ ಖ್ರೂ’ ಎಂಬ ಗುರುವಂದನೆ. ಆ ‘ಖ್ರೂ’ ನಮ್ಮ ‘ಗುರು’ವೇ. ಅಂದು ಮಕ್ಕಳು ಟೀಚರಿಗೆ ಒಪ್ಪಿಸುವ ಹೂವಿನ ತಟ್ಟೆಯಲ್ಲಿ ಕೇಪಳ, ಗರಿಕೆ, ಬದನೆ ಹೂ ಇರುತ್ತವಂತೆ. ಬುದ್ಧಿ ಚೂಪಾಗಲಿ ಎಂದು ಕೇಪಳ, ಬೇಗ ಹರಡಲಿ ಎಂದು ಗರಿಕೆ, ಬಾಗಿ ನಿಲ್ಲುವ ವಿನಯ ಬರಲಿ ಎಂದು ಬದನೆ ಹೂ. ಓದಿ ನನಗೆ ಕಣ್ಣು ತುಂಬಿತು. ಇಷ್ಟು ಚೆಂದದ ಗೌರವವನ್ನು ಪಡೆಯುವ ನಾವು ಬದಲಿಗೆ ಏನು ಕೊಡುತ್ತೇವೆ?

ಕೂದಲು ಅಳೆಯುತ್ತೇವೆ. ಥಾಯ್ ಶಾಲೆಗಳಲ್ಲಿ ಹುಡುಗರ ತಲೆಗೂದಲು ಎಷ್ಟಿರಬೇಕು, ಹುಡುಗಿಯರದು ಎಲ್ಲಿಯವರೆಗೆ ಬರಬೇಕು ಎಂಬುದಕ್ಕೆ 1970ರ ದಶಕದಿಂದ ಸರ್ಕಾರಿ ನಿಯಮಗಳಿದ್ದವು. ತಪ್ಪಿದವರ ಕೂದಲನ್ನು ಟೀಚರೇ ಎಲ್ಲರೆದುರು ಕತ್ತರಿಸಿಬಿಡುವುದೂ ಇತ್ತು. 2020ರಲ್ಲಿ ಶಾಲಾ ಮಕ್ಕಳೇ ‘ಕೆಟ್ಟ ವಿದ್ಯಾರ್ಥಿ’ ಎಂಬ ಹೆಸರಿನಲ್ಲಿ ಗುಂಪು ಕಟ್ಟಿ, ಬಿಳಿ ರಿಬ್ಬನ್ ಕಟ್ಟಿಕೊಂಡು ಶಿಕ್ಷಣ ಸಚಿವಾಲಯದ ಮುಂದೆ ನಿಂತರು. 2025ರ ಮಾರ್ಚಿನಲ್ಲಿ ಅಲ್ಲಿನ ಅತ್ಯುಚ್ಚ ಆಡಳಿತ ನ್ಯಾಯಾಲಯ 1975ರ ಕೂದಲಿನ ನಿಯಮವನ್ನು ರದ್ದು ಮಾಡಿತು. 50 ವರ್ಷ! ಅಷ್ಟು ಕಾಲ ಮಕ್ಕಳ ನೆತ್ತಿಯ ಮೇಲಿನ ಕೂದಲನ್ನು ನೋಡುತ್ತ ಕೂತ ಟೀಚರುಗಳಿಗೆ ಅದರ ಕೆಳಗಿನ ಮುಖ ಕಾಣಲಿಲ್ಲ. ‘ಹಾರ್ಮೋನ್ಸ್’ ಹೇಳುವುದೂ ಇದನ್ನೇ. ಅಲ್ಲಿ ದೊಡ್ಡವರಿಗೆ ಮಕ್ಕಳ ಎಲ್ಲವೂ ಗೊತ್ತು, ಅಂಕ, ಬಟ್ಟೆ, ಬಂದ ಹೊತ್ತು, ಹೋದ ಹೊತ್ತು. ಯಾರು ಯಾರಿಲ್ಲದೆ ಒಬ್ಬರೇ ಆಗಿದ್ದಾರೆ ಎಂಬುದು ಮಾತ್ರ ಗೊತ್ತಿಲ್ಲ. ಅದು ಗೊತ್ತಿರುವುದು ಆ ಮಕ್ಕಳಿಗೆ, ಪರಸ್ಪರ. ಹುಡುಗು ಬುದ್ಧಿಯಲ್ಲಿ, ತಪ್ಪು ತಪ್ಪಾಗಿ, ಜಗಳವಾಡಿಕೊಂಡಾದರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳುವವರು ಅವರೇ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬ್ಯಾಂಕಾಕಿನ ನದಿಯ ದಡದಲ್ಲಿ 1825ರಲ್ಲಿ ಕಟ್ಟಿದ ಒಂದು ಬೌದ್ಧ ದೇವಾಲಯವಿದೆ. ಅದರ ಹೆಸರಿನಲ್ಲಿರುವುದು ‘ಕಲ್ಯಾಣಮಿತ್ರ’ ಎಂಬ ಮಾತು. ಕಲ್ಯಾಣ ಎಂದರೆ ನಮಗೆ ಛತ್ರ, ವಾಲಗ, ಊಟದ ಪಂಕ್ತಿ ನೆನಪಾಗುತ್ತದೆ. ಅವರಲ್ಲಿ ಕಲ್ಯಾಣಮಿತ್ರನೆಂದರೆ ಒಳಿತಿನತ್ತ ಕೈಹಿಡಿದು ನಡೆಸುವ ಗೆಳೆಯ. ಒಳ್ಳೆಯ ಗೆಳೆತನ ಧರ್ಮಜೀವನದ ಅರ್ಧ ಭಾಗವೇ ಸರಿ ಎಂದು ಆನಂದ ಹೇಳಿದಾಗ ಬುದ್ಧ ಅವನನ್ನು ತಿದ್ದಿದನಂತೆ, ಅರ್ಧವಲ್ಲ, ಪೂರ್ತಿ ಎಂದು. ನೋಡಿ, ನಾವು ಸಹವಾಸದಿಂದ ಸನ್ಯಾಸಿ ಕೆಟ್ಟ ಎಂದೆವು. ಬುದ್ಧ ಸಹವಾಸದಿಂದಲೇ ಸನ್ಯಾಸಿ ಆಗುವುದು ಎಂದ. ಸನ್ಯಾಸದ ವಿಷಯದಲ್ಲಿ ನಮಗಿಂತ ಅವನ ಮಾತಿಗೇ ತೂಕ ಹೆಚ್ಚು ತಾನೆ?

ಇದೆಲ್ಲ ಪರದೇಶದ ಮಾತಾಯಿತು, ನಿಮ್ಮದೇನು ಎಂದು ಕೇಳಿದರೆ ನನ್ನ ತಪ್ಪನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದರು. ಒಂದೇ ಬೆಂಚು, ಒಂದೇ ಛತ್ರಿ, ಒಂದೇ ನಗು. ಒಬ್ಬಳು ಓದಿನಲ್ಲಿ ಮುಂದು, ಇನ್ನೊಬ್ಬಳು ಸಾಧಾರಣ. ಮುಂದಿದ್ದವಳ ತಾಯಿ ಬಂದು ‘ಮೇಡಂ, ಅವಳ ಜತೆ ಸೇರಿ ನಮ್ಮವಳು ಹಾಳಾಗ್ತಿದ್ದಾಳೆ, ದಯವಿಟ್ಟು ಬೇರೆ ಮಾಡಿ’ ಎಂದರು. ನಾನು ಎರಡು ನಿಮಿಷವೂ ಯೋಚಿಸಲಿಲ್ಲ. ಸಾಧಾರಣದವಳನ್ನು ಇನ್ನೊಂದು ವಿಭಾಗಕ್ಕೆ ಹಾಕಿಸಿದೆ. ಜಾಣೆಯ ಅಂಕ ಏರಿತು. ತಾಯಿ ಬಂದು ಹಣ್ಣು ಕೊಟ್ಟು ಹೋದರು. ನಾನು ಹೆಮ್ಮೆಪಟ್ಟುಕೊಂಡೆ.

ಎರಡು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಆ ಇನ್ನೊಬ್ಬಳು ಸಿಕ್ಕಳು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಗುನಗುತ್ತಲೇ ಮಾತಾಡಿಸಿದಳು. ಅದೂ ಇದೂ ಮಾತಿನ ನಡುವೆ ಹೇಳಿದಳು: ‘ಆ ವರ್ಷ ನಾನು ಮಧ್ಯಾಹ್ನ ಊಟಾನೇ ಮಾಡ್ತಿರಲಿಲ್ಲ ಮಿಸ್. ಒಬ್ಬಳೇ ಕೂತು ಡಬ್ಬಿ ತೆಗೆಯೋಕೆ ನಾಚಿಕೆ ಆಗೋದು. ಸಂಜೆ ದಾರೀಲಿ ನಾಯಿಗೆ ಹಾಕಿ ಹೋಗ್ತಿದ್ದೆ.’

ಅವಳು ದೂರುತ್ತಿರಲಿಲ್ಲ. ಬೇರೆ ಮಾಡಿಸಿದ್ದು ನಾನೇ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ನನಗೆ ತುತ್ತು ಇಳಿಯಲಿಲ್ಲ. ವರ್ಷವಿಡೀ ಆ ತರಗತಿಯ ಮುಂದೆ ದಿನಕ್ಕೆ ನಾಲ್ಕು ಸಲ ಓಡಾಡಿದವಳು ನಾನು. ಅವಳ ಜಡೆಯ ರಿಬ್ಬನ್ ಬಣ್ಣ ನೋಡಿದ್ದೆ, ಅವಳ ತುಂಬಿದ ಡಬ್ಬಿ ನೋಡಿರಲಿಲ್ಲ.

ಹಾಗೆಂದು ‘ಹಾರ್ಮೋನ್ಸ್’ ಕುಂದಿಲ್ಲದ ಕೃತಿ ಎನ್ನಲಾರೆ. ಆ ಮಕ್ಕಳೆಲ್ಲ ಸಿನಿಮಾದವರ ಹಾಗೆ ಚೆಂದ. ನಗರದ ಅನುಕೂಲಸ್ಥರ ಮನೆಗಳೇ ಹೆಚ್ಚು. ಗದ್ದೆ ಕೆಲಸಕ್ಕೆ ಹೋಗುವ ತಾಯಿಯ ಮಗಳ ಒಂಟಿತನ ಅಲ್ಲಿ ನನಗೆ ಕಾಣಲಿಲ್ಲ. ನಮ್ಮ ವೃತ್ತಿಯವರನ್ನು ಅಷ್ಟು ಬಿಗುವಾಗಿ ತೋರಿಸಿದ್ದು ನೋಡಿ ಸಿಟ್ಟೂ ಬಂತು. ಎಳೆಯ ಮಕ್ಕಳ ಮುಂದೆ ಹಾಕಿ ಎದ್ದು ಹೋಗುವ ಧಾರಾವಾಹಿಯಂತೂ ಇದಲ್ಲ. ದೊಡ್ಡ ಮಕ್ಕಳ ಜತೆ ತಾಯಿ ಕೂತು ನೋಡಬೇಕಾದ್ದು. ಮುಜುಗರವಾಗುತ್ತದೆಯೇ? ಆಗಲಿ. ಮುಜುಗರದಿಂದ ಯಾರೂ ಸತ್ತಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲದೆ ಸತ್ತ ಮಕ್ಕಳ ಸುದ್ದಿಯನ್ನು ಪ್ರತಿ ಪರೀಕ್ಷೆಯ ಫಲಿತಾಂಶದ ವಾರದಲ್ಲಿ ನಾವು ಪತ್ರಿಕೆಯಲ್ಲಿ ಓದುತ್ತೇವೆ, ಮಡಿಸಿಟ್ಟು ಕಾಫಿ ಕುಡಿಯುತ್ತೇವೆ.

ಕೆಟ್ಟ ಸಹವಾಸ ಎಂಬುದೇ ಇಲ್ಲವೇ ಎನ್ನುತ್ತೀರಿ. ಇದೆ. ಕುಡಿತ ಕಲಿಸುವವರಿದ್ದಾರೆ, ಹುಡುಗಿಯರನ್ನು ಏಮಾರಿಸುವವರಿದ್ದಾರೆ. ಆದರೆ ಅಂಥವರ ಕೈಗೆ ಮೊದಲು ಸಿಗುವ ಮಗು ಯಾವುದು? ನಾಲ್ಕು ಗೆಳತಿಯರ ನಡುವೆ ಕೂತು ಡಬ್ಬಿ ಹಂಚಿ ತಿನ್ನುವವಳಲ್ಲ. ಯಾರಾದರೂ ಒಬ್ಬರು ಮಾತಾಡಿಸಿದರೆ ಸಾಕು ಎಂದು ಕಾದು ಕೂತವಳು. ಗೆಳೆತನವನ್ನು ಕಿತ್ತುಹಾಕಿ ಮಗುವನ್ನು ಕಾಪಾಡಿದೆವು ಎಂದುಕೊಳ್ಳುವುದು, ಬೇಲಿ ಕಿತ್ತು ಒಲೆಗೆ ಹಾಕಿಕೊಂಡು ದನ ಮೇಯಿತು ಎಂದು ಅತ್ತಂತೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಇವತ್ತು ಸಂಜೆ ಮಗಳು ಶಾಲೆಯಿಂದ ಬಂದಾಗ ‘ಟೆಸ್ಟಿನಲ್ಲಿ ಎಷ್ಟು ಬಂತು?’ ಎಂಬುದನ್ನು ಸ್ವಲ್ಪ ತಡೆದು ಕೇಳಿ. ಮೊದಲು ‘ಮಧ್ಯಾಹ್ನ ಯಾರ ಜತೆ ಊಟ ಮಾಡಿದೆ?’ ಎಂದು ಕೇಳಿ. ಹೆಸರು ಹೇಳಿದರೆ ಆ ಹೆಸರಿನವಳನ್ನು ಭಾನುವಾರ ಮನೆಗೆ ಕರೆಯಿರಿ, ಅವಳ ಅಂಕ ಕೇಳಬೇಡಿ, ಅವಳ ಅಪ್ಪ ಏನು ಮಾಡುತ್ತಾರೆ ಎಂದೂ ಕೇಳಬೇಡಿ. ಹೆಸರು ಹೇಳದೆ ತಲೆ ತಗ್ಗಿಸಿದರೆ ಮಾತ್ರ ನಮ್ಮ ಶಾಲೆಗೆ ಬನ್ನಿ. ಆಗ ನಾನು ಆ ಹಳೆಯ ಗಾದೆಯನ್ನು ಹೇಳುವುದಿಲ್ಲ. ನಾವಿಬ್ಬರೂ ಕೂತು, ಅವಳ ಬೆಂಚಿನಲ್ಲಿ ಯಾರನ್ನು ಕೂರಿಸಬಹುದು ಎಂದು ಯೋಚಿಸೋಣ.